ಮಗಳಿಗೆ ಡ್ರಾಯಿಂಗ್ ಕ್ಲಾಸ್ ಬೇಕಾ? ನಿಮ್ಮ ಅನುಭವ ಹೇಳಿ

ಹಾಸನದ ಅಮ್ಮ: ಮಗಳಿಗೆ ಐದು ವರ್ಷ. ಬಣ್ಣ ಕೊಟ್ಟರೆ "ಏನು ಬರೀಲಿ?" ಅಂತ ಕೂರುತ್ತಾಳೆ. ಯೂಟ್ಯೂಬ್ ನೋಡಿಯೇ ಬರೆಯಬೇಕು. ಕ್ಲಾಸಿಗೆ ಸೇರಿಸಲಾ, ಅವಳ ಪಾಡಿಗೆ ಬಿಡಲಾ?

ವಿಜಯನಗರ: ಬಿಡಿ. ಬಾಡಿಗೆ ಮನೆಯಲ್ಲೇ ಒಂದು ಗೋಡೆ ಪೂರ್ತಿ ಮಗನಿಗೆ ಬಿಟ್ಟಿದ್ದೆ. ಖಾಲಿ ಮಾಡುವಾಗ ಓನರ್ ಅಡ್ವಾನ್ಸಿನಲ್ಲಿ 14,000 ಮುರಿದುಕೊಂಡರು. ಮೇಣದ ಕ್ರೇಯಾನ್ ಮೇಲೆ ಡಿಸ್ಟೆಂಪರ್ ನಿಲ್ಲುವುದಿಲ್ಲ. ಎರಡು ಕೋಟ್ ಹೊಡೆದರೂ ಗೆರೆ ಎದ್ದು ಕಾಣುತ್ತಿತ್ತು. ಉಜ್ಜಿ, ಪ್ರೈಮರ್ ಹಾಕಿ, ಮತ್ತೆ ಬಣ್ಣ. ಪ್ರೈಮರ್‌ಗೆ ಬೇರೆ, ಕೂಲಿಗೆ ಬೇರೆ. ಒಂದು ಗೋಡೆಗೆ ಇಡೀ ಹಾಲ್‌ಗೆ ಬಣ್ಣ ಹೊಡೆಸುವಷ್ಟು ದುಡ್ಡು ಯಾಕೆ ಅಂತ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಆದರೆ ಅಲ್ಲೇ ಅವನು ಬಸ್‌ಸ್ಟ್ಯಾಂಡ್ ಬರೆದ. ನೆಲದಿಂದ ಮೇಲಕ್ಕೆ ಸಾಲಾಗಿ ಬಸ್ಸು, ಸ್ವಿಚ್‌ಬೋರ್ಡೇ ಟಿಕೆಟ್ ಕೌಂಟರ್. ಯಾವ ಮೇಷ್ಟ್ರೂ ಅದನ್ನು ಹೇಳಿಕೊಡಲ್ಲ.

ದಾವಣಗೆರೆ ಅಪ್ಪ: ಕ್ಲಾಸ್ ಬೇಕೇ ಬೇಕು. ನನ್ನ ಮಗಳು ಲೋಯರ್, ಹೈಯರ್ ಎರಡೂ ಗ್ರೇಡಿನ ಡ್ರಾಯಿಂಗ್ ಪರೀಕ್ಷೆ ಪಾಸ್. ತಿಂಗಳಿಗೆ 1,200 ಫೀಸು, ಮೇಲೆ ಬೋರ್ಡು, ಪೋಸ್ಟರ್ ಕಲರ್. ಬಿಳಿ ಬಾಟಲಿಯಂತೂ ಎಲ್ಲಕ್ಕಿಂತ ಮೊದಲು ಖಾಲಿ, ಬಿಡಿಯಾಗಿ ತರಬೇಕು. ಸುಮ್ನೆ ಗೀಚಿದರೆ ಕೈ ಪಳಗಲ್ಲ. ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಕಲಾವಿದರು ಚಿತ್ರ ಮಾರುವ ಚಿತ್ರಸಂತೆಗೆ ಹೋಗಿ, ಅಲ್ಲಿ ಕೂತವರನ್ನೇ ಕೇಳಿ.

ವಿಜಯನಗರ: ಐದು ವರ್ಷದ ಮಗುವಿನ ಮಾತಿಗೆ ಹೈಸ್ಕೂಲ್ ಪರೀಕ್ಷೆ ಕತೆ ಯಾಕೆ ಸರ್?

ದಾವಣಗೆರೆ ಅಪ್ಪ: ಅಡ್ವಾನ್ಸ್ ಕಳೆದುಕೊಂಡ ಕತೆ ಮಾತ್ರ ಬೇಕಾ?

ಸಾಗರದ ಅಕ್ಕ: ನಮ್ಮ ಕಡೆ ದೀವರ ಸಮುದಾಯದ ಮನೆಗಳಲ್ಲಿ ಗೋಡೆಗೆ ಚಿತ್ತಾರ ಬರೆಯುವಾಗ ಮಕ್ಕಳು ಪಕ್ಕದಲ್ಲೇ ಇರುತ್ತಾರೆ. ಕೆಮ್ಮಣ್ಣಿನ ಗೋಡೆ, ಅಕ್ಕಿಹಿಟ್ಟಿನ ಬಿಳಿ, ಪುಂಡಿನಾರಿನ ಕುಂಚ. ಕ್ಲಾಸೂ ಇಲ್ಲ, ಫೀಸೂ ಇಲ್ಲ. ನಾನು ಮಗನಿಗೆ ಜೇಡಿಮಣ್ಣು ಕೊಟ್ಟೆ. ಕೈ ಮಾತ್ರ ಬಕೆಟ್ಟಿನಲ್ಲಿ ತೊಳೆಸಿ, ಬೇಸಿನ್ನಿನಲ್ಲಿ ಬೇಡ. ಪೈಪ್ ಕಟ್ಟಿ ಪ್ಲಂಬರ್‌ಗೆ 1,600 ಹೋಯಿತು.

ಮೈಸೂರು: ಮರದ ಬ್ಲಾಕ್ ಕೊಡಿಸಿ, ಏನು ಬೇಕಾದರೂ ಕಟ್ಟಿಕೊಳ್ಳುತ್ತಾರೆ. ಆದರೆ ಚನ್ನಪಟ್ಟಣದ್ದು ಮಾತ್ರ ಬೇಡ. ಆನ್‌ಲೈನಲ್ಲಿ 2,400 ಕೊಟ್ಟು ತಂದೆ, ನೀರು ತಾಗಿದ್ದೇ ಕೈಗೆಲ್ಲ ಕೆಂಪು.

ಚನ್ನಪಟ್ಟಣದವ: ಅದು ನಮ್ಮೂರಿನದಲ್ಲ! ಆಲೆಮರವನ್ನು ಲೇತಿನಲ್ಲಿ ಕಡೆದು, ತಿರುಗುವಾಗಲೇ ಬಣ್ಣದ ಅರಗು ಒತ್ತುತ್ತೇವೆ. ಬಿಸಿಗೆ ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಆಮೇಲೆ ತಾಳೆಗರಿ ಹಿಡಿದು ಹೊಳಪು. ನಿಮಗೆ ಸಿಕ್ಕಿದ್ದು ಬಣ್ಣ ಬಳಿದ ನಕಲಿ. ಊರಿನ ಹೆಸರು ಕೆಡಿಸಬೇಡಿ.

ಮೈಸೂರು: ಡಬ್ಬಿ ಮೇಲೆ ಹಾಗೇ ಬರೆದಿತ್ತು. ದುಡ್ಡು ಹೋಗಿದ್ದು ನನ್ನದು, ಅಲ್ವಾ?

ಚನ್ನಪಟ್ಟಣದವ: ಹೊಟ್ಟೆ ಮೇಲೆ ಹೊಡೆತ ಬಿದ್ದಿದ್ದು ನಮಗೆ. ಡಬ್ಬಿ ಫೋಟೋ ಹಾಕಿ, ನೋಡೇ ಬಿಡೋಣ.