ಅಕ್ಕಿ ಅಂದ್ರೂ ಹಕ್ಕಿ ಅಂತ ಹೇಗೆ ಗೊತ್ತಾಗುತ್ತೆ? ತಲೇಲಿ ಇರೋ ಪದ ಒಂದಾ, ಹತ್ತಾರಾ?

ಕೆರೆಬಯಲು: ನಮ್ಮ ಮಂಡ್ಯ ಕಡೆ ಹ ಬಿಟ್ಟು ಮಾತಾಡೋರು ತುಂಬಾ ಜನ. "ಮರದ್ಮೇಲೆ ಅಕ್ಕಿ ಕೂತೈತೆ" ಅಂದ್ರೆ ಯಾರೂ ಅಕ್ಕಿ ಮೂಟೆ ಹುಡ್ಕಲ್ಲ, ಹಕ್ಕಿನೇ ನೋಡ್ತಾರೆ. ನನ್ ಪ್ರಕಾರ ಎರಡೂ ಉಚ್ಚಾರಣೆ ತಲೇಲಿ ಹಾಗೇ ಸ್ಟೋರ್ ಆಗಿರುತ್ತೆ, ಹೇಳಿದವರ ದನಿ ಸಮೇತ. ಮನಶ್ಶಾಸ್ತ್ರಜ್ಞ ಗೋಲ್ಡಿಂಗರ್ ಅವರ 1998ರ ಪೇಪರ್ ನೋಡಿ, ಪದ ಕೇಳಿ ತಕ್ಷಣ ಹೇಳಿ ಅಂದ್ರೆ ಜನ ಕೇಳಿದ ದನಿಯನ್ನೇ ಅನುಕರಿಸ್ತಾರೆ, ಅಪರೂಪದ ಪದಗಳಲ್ಲಿ ಇನ್ನೂ ಜಾಸ್ತಿ.

ಧ್ವನಿಮಾ: "ಹಾಗೇ ಸ್ಟೋರ್" ಆಗಿದ್ರೆ ಹೊಸ ಪದ ಹೇಗೆ ತಿಳಿಯುತ್ತೆ? ಡಚ್ ಕೇಳುಗರಿಗೆ ಎಫ್‌ಗೂ ಎಸ್‌ಗೂ ನಡುವಿನ ಸದ್ದನ್ನ ಕೆಲವು ಪದಗಳಲ್ಲಿ ಕೇಳಿಸಿದ್ರು, ಅವರು ಆ ಪದಗಳಿಂದ ಅದು ಎಫ್ಫೋ ಎಸ್ಸೋ ಅಂತ ಕಲ್ತು, ಆವರೆಗೆ ಹಾಗೆ ಕೇಳದೇ ಇದ್ದ ಪದಗಳಿಗೂ ಅನ್ವಯಿಸ್ಕೊಂಡ್ರು. ಮೆಕ್‌ಕ್ವೀನ್, ಕಟ್ಲರ್, ನಾರಿಸ್ ಅವರ 2006ರ ಪೇಪರ್ ಅದು. ಬರೀ ಪದಪದವಾಗಿ ತುಂಬಿಟ್ಟಿದ್ರೆ ಇದು ಆಗ್ತಿರ್ಲಿಲ್ಲ.

ಅಚ್ಚಗನ್ನಡ: "ಹ ಬಿಟ್ಟು" ಅಂತ ಮೇಲೆ ಅವರೇ ಬರೆದಿದಾರೆ. ಬಿಟ್ಟಿದ್ದು ಅಂದ್ಮೇಲೆ ತಪ್ಪೇ ಅಲ್ವಾ, ಅದಕ್ಕೆ ಥಿಯರಿ ಯಾಕೆ?

ಕೆರೆಬಯಲು: ತಪ್ಪಾ? ಹಳಗನ್ನಡದಲ್ಲಿ ಹಾಲಿಗೆ ಪಾಲ್, ಹಕ್ಕಿಗೆ ಪಕ್ಕಿ. ಪ ಹೋಗಿ ಹ ಬಂತಲ್ಲ, ಅದೂ ತಪ್ಪಾ ಹಾಗಾದ್ರೆ?

ಅಚ್ಚಗನ್ನಡ: ಅದು ಇಡೀ ನಾಡಲ್ಲಿ ಆಯ್ತು, ಬರವಣಿಗೆಗೂ ಬಂತು. ಟಿವಿ ನ್ಯೂಸಲ್ಲಿ "ಆಸನ ಜಿಲ್ಲೆ" ಅಂತ ಓದಿದ್ರೆ ಸುಮ್ನೆ ಇರ್ತೀರಾ?

ಹುಬ್ಬಳ್ಳಿ ಮಂದಿ: "ಇಡೀ ನಾಡು" ಅಂದ್ರ ನಿಮ್ಮ ಟಿವಿ ಅಷ್ಟೇ ಏನ್ರಿ? ನಮ್ಮ ಕಡೆ ಹ ಗಟ್ಟಿ ಐತಿ, ಆದ್ರೂ ಮಂಡ್ಯದವ್ರು "ಓಯ್ತೀನಿ" ಅಂದ್ರ ನಮಗ ತಿಳೀತೈತಿ.

ಧ್ವನಿಮಾ: "ತಿಳೀತೈತಿ" ಅನ್ನೋದೇ ನನ್ನ ಪಾಯಿಂಟ್, ನಿಯಮ ಕಲ್ತಿರ್ತೀರಾ. ಲಾಹಿರಿ ಮತ್ತು ಮಾರ್ಸ್ಲೆನ್-ವಿಲ್ಸನ್ 1991ರಲ್ಲಿ ಬಂಗಾಳಿ ಪದಗಳನ್ನ ಅರ್ಧಕ್ಕೇ ನಿಲ್ಸಿ ಕೇಳಿಸಿದ್ರು. ಸ್ವರ ಮೂಗಿನಿಂದ ಬಂದ್ರೆ ಜನ ಅನುನಾಸಿಕ ಸ್ವರದ (ಅಂದ್ರೆ ಪಕ್ಕದ ನ, ಮ ಇಲ್ದೇನೂ ಸ್ವರವೇ ಮೂಗಿನದಾಗಿರೋ) ಪದಗಳನ್ನೇ ಹೆಚ್ಚು ಊಹಿಸಿದ್ರು, ಮುಂದೆ ನ, ಮ ಬರೋ ಪದಗಳನ್ನಲ್ಲ, ಅಲ್ಲೂ ಸ್ವರ ಮೂಗಲ್ಲೇ ಬರುತ್ತೆ ಆದ್ರೂ. ತಲೇಲಿರೋದು ಕೇಳಿದ ಸದ್ದಿನ ನಕಲಲ್ಲ.

ಕೆರೆಬಯಲು: ಅದನ್ನೇ ಧ್ವನಿವಿಜ್ಞಾನಿಗಳಾದ ಓಹಾಲಾ ದಂಪತಿ 1995ರಲ್ಲಿ ಹಿಂದಿ ಇಟ್ಕೊಂಡು ಪ್ರಶ್ನೆ ಮಾಡಿದ್ದನ್ನ ಯಾಕೆ ಬಿಟ್ರಿ? ಬೇಕಾದ್ದಷ್ಟೇ ಎತ್ಕೋಬೇಡಿ.

ಧ್ವನಿಮಾ: "ಬೇಕಾದ್ದಷ್ಟೇ" ಅಂತ ನೀವು ಹೇಳ್ತೀರಾ? ಡಚ್ ಪ್ರಯೋಗಕ್ಕೆ ಇನ್ನೂ ಉತ್ತರ ಕೊಟ್ಟಿಲ್ಲ ನೀವು.

ಅಚ್ಚಗನ್ನಡ: ಡಚ್ ಬಿಡಿ, ಮಕ್ಕಳು ಡಿಕ್ಟೇಶನ್‌ನಲ್ಲಿ "ಅಕ್ಕಿ ಗೂಡು" ಅಂತ ಬರೆದ್ರೆ ಮಾರ್ಕ್ಸ್ ಕೊಡ್ತೀರಾ ಇಲ್ವಾ, ಅದನ್ನ ಹೇಳಿ!!

ಕೆರೆಬಯಲು: ಬರೆಯೋದಲ್ಲ, ಕೇಳೋದು ಇಲ್ಲಿನ ವಿಷಯ. ಗೂಡು ಅಂದ ತಕ್ಷಣ ನಿಮಗೂ ಹಕ್ಕಿನೇ ಹೊಳೀತು ತಾನೇ?

ಅಚ್ಚಗನ್ನಡ: ಮಾರ್ಕ್ಸ್ ಕೊಡ್ತೀರಾ ಇಲ್ವಾ?