ವಾಸಿಯಾಗಿದ್ದ ನಿದ್ರಾಹೀನತೆ ಮರಳಿದೆ: ರಾತ್ರಿಯ ಭಯವನ್ನು ಹೇಗೆ ನಿಭಾಯಿಸಲಿ?

ಪ್ರಶ್ನೆ: ರಾಜಾಜಿನಗರದ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. 3 ವರ್ಷಗಳ ಹಿಂದೆ ಸುಮಾರು 8 ತಿಂಗಳು ನಿದ್ದೆಯಿಲ್ಲದೆ ಬಳಲಿದ್ದೆ. ಆಗ ಮನಶ್ಶಾಸ್ತ್ರಜ್ಞರೊಬ್ಬರ ಬಳಿ 6 ವಾರ ಚಿಕಿತ್ಸೆ ಪಡೆದು, ಮಾತ್ರೆಗಳಿಲ್ಲದೆಯೇ ಗುಣಮುಖಳಾದೆ. ಆಮೇಲೆ ನಿದ್ದೆಯ ಯೋಚನೆಯೇ ಮನಸ್ಸಿಗೆ ಬರುತ್ತಿರಲಿಲ್ಲ. 2 ತಿಂಗಳ ಹಿಂದೆ ಅಮ್ಮನಿಗೆ ಸೊಂಟದ ಶಸ್ತ್ರಚಿಕಿತ್ಸೆಯಾಯಿತು. ಆಸ್ಪತ್ರೆಯಲ್ಲಿ 12 ರಾತ್ರಿಗಳನ್ನು ಅವರ ಮಂಚದ ಪಕ್ಕದ ಕುರ್ಚಿಯಲ್ಲಿಯೇ ಕಳೆದೆ. ಈಗ ಅಮ್ಮ ಮನೆಗೆ ಬಂದು ಕೋಲು ಹಿಡಿದು ನಡೆಯುತ್ತಿದ್ದಾರೆ. ನನ್ನ ನಿದ್ದೆ ಮಾತ್ರ ಮರಳಲಿಲ್ಲ.

ನಿದ್ದೆಗಿಂತ ಹೆಚ್ಚಾಗಿ ನನ್ನನ್ನು ಕಾಡುತ್ತಿರುವುದು ಅದರ ಕುರಿತ ಭಯ. ಸಂಜೆ ದೇವರಿಗೆ ದೀಪ ಹಚ್ಚುವ ಹೊತ್ತಿಗೇ ಎದೆಯಲ್ಲಿ ಅಳುಕು ಆರಂಭವಾಗುತ್ತದೆ. ಹೇಗಾದರೂ ಸ್ವಲ್ಪ ಹೆಚ್ಚು ನಿದ್ದೆ ಸಿಗಲೆಂದು 9 ಗಂಟೆಗೇ ಮಲಗಿ ಬೆಳಿಗ್ಗೆ 6ರವರೆಗೆ ಹಾಸಿಗೆಯಲ್ಲಿಯೇ ಇರುತ್ತೇನೆ. ಅದರಲ್ಲಿ 5 ಅಥವಾ ಐದೂವರೆ ಗಂಟೆ ನಿದ್ದೆ ಬಂದರೆ ಹೆಚ್ಚು. ಉಳಿದ ಸಮಯವೆಲ್ಲ ಈಗ ಕಣ್ಣು ಮುಚ್ಚಿದರೆ ಎಷ್ಟು ಗಂಟೆ ಸಿಗುತ್ತದೆಂಬ ಲೆಕ್ಕದಲ್ಲಿಯೇ ಕಳೆದು, ಹಾಲಿನ ಗಾಡಿಯ ಸದ್ದೂ ದೇವಸ್ಥಾನದ ಸುಪ್ರಭಾತವೂ ಕೇಳಿಸಿಬಿಡುತ್ತವೆ. ಮಗ ಕೊಡಿಸಿದ ಕೈಗಡಿಯಾರ ನಿದ್ದೆಗೆ ಅಂಕ ಕೊಡುತ್ತದೆ. ಅದನ್ನು ನೋಡಿದ ಮೇಲೆ ಇಡೀ ದಿನ ಸೋತವಳಂತೆ ಓಡಾಡುತ್ತೇನೆ. ಬಂಧುಗಳು 'ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ' ಎಂಬ ಗಾದೆ ಹೇಳುತ್ತಾರೆ. ಅದನ್ನು ಕೇಳಿದಾಗ ತಪ್ಪು ನನ್ನದೇ ಎನಿಸುತ್ತದೆ.

ಒಮ್ಮೆ ಫಲಿಸಿದ ಚಿಕಿತ್ಸೆ ವ್ಯರ್ಥವಾಯಿತೇ? ಈ ಭಯವನ್ನು ಏನು ಮಾಡಲಿ? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ 1: ಬಸವನಗುಡಿಯ ಗೃಹಿಣಿ

ಮೇಡಂ, ನಿಮ್ಮ ಪತ್ರ ಓದಿ ನನ್ನ ಹಳೆಯ ದಿನಗಳು ನೆನಪಾದವು. ನನಗೂ ಈ ತೊಂದರೆ ಗುಣವಾಗಿ ಎರಡು ಬಾರಿ ಮರುಕಳಿಸಿದೆ. ಮೊದಲ ಸಲ ಬಂದಾಗ ಇದೇನೆಂದು ತಿಳಿಯದ ಗಾಬರಿಯಿತ್ತು. ಮರುಕಳಿಸಿದಾಗ ಇದು ಏನೆಂದು ಚೆನ್ನಾಗಿ ತಿಳಿದಿದ್ದುದೇ ಗಾಬರಿಗೆ ಕಾರಣವಾಯಿತು. ಎರಡು ರಾತ್ರಿ ಕೆಟ್ಟರೆ ಸಾಕು, ಹಿಂದಿನ ಅಷ್ಟೂ ತಿಂಗಳುಗಳು ಮುಂದೆ ಕಾದಿವೆಯೆಂದು ಮನಸ್ಸು ತೀರ್ಮಾನಿಸಿಬಿಡುತ್ತಿತ್ತು. ಆದರೆ ಎರಡನೆಯ ಸಲ ನಾನು ಮೊದಲಿನಂತೆ ಬರಿಗೈಯಲ್ಲಿ ಇರಲಿಲ್ಲ. ಕಲಿತದ್ದು ನನ್ನಲ್ಲಿಯೇ ಇತ್ತು, ಬಳಕೆ ಮಾತ್ರ ತಪ್ಪಿತ್ತು. ನೀವು 9 ಗಂಟೆಗೆ ಮಲಗುತ್ತಿರುವುದನ್ನು ಓದಿದಾಗ ಅದೇ ಎನಿಸಿತು. ನಿಮ್ಮ ಚಿಕಿತ್ಸಕರು ಅಂದು ಮಾಡಬೇಡಿರೆಂದು ಹೇಳಿದ್ದು ಬಹುಶಃ ಇದನ್ನೇ.

ನಾನು ಮಾಡಿದ ಮೊದಲ ಕೆಲಸವೆಂದರೆ ಮಲಗುವ ಕೋಣೆಯ ಗಡಿಯಾರವನ್ನು ಅಡುಗೆಮನೆಗೆ ಸಾಗಿಸಿದ್ದು. ಗಂಟೆ ಗೊತ್ತಿಲ್ಲದಿದ್ದರೆ ಲೆಕ್ಕ ಹಾಕಲು ಬರುವುದಿಲ್ಲ. ಹಾಸಿಗೆಯಲ್ಲಿ ಮಗ್ಗುಲು ಬದಲಿಸುತ್ತ ಸಿಡಿಮಿಡಿಯಾದಾಗ ಎದ್ದು ನಡುಮನೆಗೆ ಹೋಗುತ್ತಿದ್ದೆ. ಅದು ಅವರೆಕಾಯಿಯ ಕಾಲವಾಗಿತ್ತು. ನೀರಿನಲ್ಲಿ ನೆನೆದ ಕಾಳಿನ ಪಾತ್ರೆ ಇಟ್ಟುಕೊಂಡು, ಮಂದ ಬೆಳಕಿನಲ್ಲಿ ಒಂದೊಂದಾಗಿ ಹಿತುಕುತ್ತ ಕುಳಿತಿರುತ್ತಿದ್ದೆ. ಮೊದಮೊದಲು ಇದರಿಂದ ನಿದ್ದೆ ಬರುವುದೇ ಎಂದು ನನ್ನನ್ನೇ ಪರೀಕ್ಷಿಸಿಕೊಳ್ಳುತ್ತಿದ್ದೆ, ಆಗ ಬರುತ್ತಿರಲಿಲ್ಲ. ಎಚ್ಚರವಾಗಿದ್ದರೂ ಸರಿ, ನಾಳೆಯ ಸಾರಿಗೆ ಬೇಳೆಯಂತೂ ಸಿದ್ಧವಾಗುತ್ತಿದೆ ಎಂದು ಒಪ್ಪಿಕೊಂಡ ಮೇಲೆ ಕೈ ತಾನಾಗಿ ನಿಧಾನವಾಗಿ, ಕಣ್ಣು ಜೋಂಪಿಗೆ ಹತ್ತುತ್ತಿತ್ತು. ಆಗ ಮಾತ್ರ ಹಾಸಿಗೆಗೆ ಮರಳುತ್ತಿದ್ದೆ. ಕೆಲವು ರಾತ್ರಿ ಮೂರು ಸಲ ಎದ್ದದ್ದೂ ಉಂಟು.

ಮಗನಿಗೆ ಬೇಸರವಾಗದಂತೆ ಹೇಳಿ ಆ ಕೈಗಡಿಯಾರವನ್ನು ರಾತ್ರಿ ತೆಗೆದಿಡಿ. ಅದು ಕೈಯ ಚಲನೆ ಮತ್ತು ನಾಡಿಬಡಿತದಿಂದ ನಿದ್ದೆಯನ್ನು ಅಂದಾಜು ಮಾಡುತ್ತದೆಯೇ ಹೊರತು ಮಿದುಳನ್ನು ನೋಡುವುದಿಲ್ಲ.

ಉತ್ತರ 2: ಆಪ್ತಸಮಾಲೋಚನೆಯ ಕ್ಷೇತ್ರದಲ್ಲಿರುವವರು

ನಿಮ್ಮ ಚಿಕಿತ್ಸೆ ವ್ಯರ್ಥವಾಗಿಲ್ಲ. ನಿದ್ರಾಹೀನತೆಯನ್ನು ವಿವರಿಸಲು ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಪೀಲ್‌ಮನ್ ಮತ್ತು ಅವರ ಸಹೋದ್ಯೋಗಿಗಳು 1987ರಲ್ಲಿ ಮುಂದಿಟ್ಟ ಮಾದರಿ ಇಂದಿಗೂ ಬಳಕೆಯಲ್ಲಿದೆ. ಅದರ ಪ್ರಕಾರ ಕೆಲವರಲ್ಲಿ ಮೊದಲಿನಿಂದಲೇ ಇರುವ, ನಿದ್ದೆ ಸುಲಭವಾಗಿ ಕೆಡುವ ಒಲವು ಒಂದು, ತೊಂದರೆಯನ್ನು ಆರಂಭಿಸುವ ಘಟನೆ ಇನ್ನೊಂದು, ಆ ಘಟನೆ ಮುಗಿದ ಮೇಲೂ ತೊಂದರೆಯನ್ನು ಉಳಿಸಿಕೊಳ್ಳುವ ನಮ್ಮದೇ ನಡವಳಿಕೆಗಳು ಮತ್ತೊಂದು. ಚಿಕಿತ್ಸೆಯು ಮೂರನೆಯದನ್ನು ಸರಿಪಡಿಸುತ್ತದೆಯೇ ಹೊರತು ಒಲವನ್ನು ಅಳಿಸುವುದಿಲ್ಲ; ಆದ್ದರಿಂದ ಆಸ್ಪತ್ರೆಯ 12 ರಾತ್ರಿಗಳಂಥ ಸಂದರ್ಭದಲ್ಲಿ ನಿದ್ದೆ ಮತ್ತೆ ಕೆಡುವುದು ಸಹಜ. ಅದು ಕೆಟ್ಟೇ ಉಳಿದಿರುವುದಕ್ಕೆ ಬೇಗ ಮಲಗುವುದು, ತಡವಾಗಿ ಏಳುವುದು, ಗಡಿಯಾರ ನೋಡುವುದು ಮತ್ತು ನಿದ್ದೆಗಾಗಿ ಪ್ರಯತ್ನಪಡುವುದೇ ಕಾರಣವಾಗಿರಬಹುದು, ಅವೆಲ್ಲವೂ ತಿದ್ದಿಕೊಳ್ಳಬಹುದಾದವು. ಉಳಿದೆಲ್ಲ ಕೆಲಸಗಳಲ್ಲಿ ಶ್ರಮಕ್ಕೆ ಫಲವುಂಟು; ನಿದ್ದೆಯಲ್ಲಿ ಮಾತ್ರ ಶ್ರಮವೇ ಎಚ್ಚರವನ್ನು ಹೆಚ್ಚಿಸುತ್ತದೆ.

9 ಗಂಟೆ ಹಾಸಿಗೆಯಲ್ಲಿದ್ದು ಐದೂವರೆ ಗಂಟೆ ನಿದ್ದೆ ಮಾಡಿದರೆ ಅದು ನೂರಕ್ಕೆ ಸುಮಾರು 61 ಭಾಗ ಮಾತ್ರ. ಉಳಿದ ಮೂರೂವರೆ ಗಂಟೆಯಲ್ಲಿ ಹಾಸಿಗೆಗೂ ಆತಂಕಕ್ಕೂ ನಂಟು ಬೆಳೆಯುತ್ತದೆ. ಮೊದಲು ಒಂದು ವಾರ ನಿದ್ದೆಯ ದಿನಚರಿ ಬರೆಯಿರಿ. ಸರಾಸರಿ ಐದೂವರೆ ಗಂಟೆಯೆಂದು ಕಂಡುಬಂದರೆ, ರಾತ್ರಿ 12ರಿಂದ ಬೆಳಿಗ್ಗೆ 5.30ರವರೆಗೆ ಮಾತ್ರ ಹಾಸಿಗೆಯಲ್ಲಿರಿ. ಭಾನುವಾರವೂ ಅದೇ ಹೊತ್ತಿಗೆ ಏಳಿ. ಈ ಅವಧಿಯನ್ನು 5 ಗಂಟೆಗಿಂತ ಕಡಿಮೆ ಮಾಡಬೇಡಿ. ವಾರದ ಸರಾಸರಿಯಲ್ಲಿ ಹಾಸಿಗೆಯ ಸಮಯದ ನೂರಕ್ಕೆ 85 ಭಾಗ ನಿದ್ದೆ ಬಂದಾಗ 15 ನಿಮಿಷ ಸೇರಿಸುತ್ತ ಹೋಗಿ. ಮೊದಲ ಒಂದೆರಡು ವಾರ ಹಗಲಿನಲ್ಲಿ ತೂಕಡಿಕೆ ಹೆಚ್ಚುವುದರಿಂದ ಶಾಲೆಗೆ ಸ್ಕೂಟರ್ ಬದಲು ಬಸ್ಸಿನಲ್ಲೋ ಮೆಟ್ರೊದಲ್ಲೋ ಹೋಗುವುದು ಕ್ಷೇಮ. ಅಪಸ್ಮಾರ ಅಥವಾ ಬೈಪೋಲಾರ್ ಕಾಯಿಲೆ ಇರುವವರು ವೈದ್ಯರ ಸಲಹೆಯಿಲ್ಲದೆ ಹೀಗೆ ಮಾಡಬಾರದು. ಜೋರು ಗೊರಕೆ ಹಾಗೂ ಉಸಿರು ಕಟ್ಟಿ ಎಚ್ಚರವಾಗುವ ಲಕ್ಷಣವಿದ್ದರೆ ಅದರ ತಪಾಸಣೆ ಮೊದಲು ಆಗಬೇಕು.

ಭಯದ ವಿಷಯಕ್ಕೆ ಬರುತ್ತೇನೆ. ಸಂಜೆ ಅಳುಕು ಹುಟ್ಟಿದಾಗ ಅದನ್ನು ಓಡಿಸಲು ಹೋಗದೆ, ಅದು ಹೇಳುತ್ತಿರುವುದನ್ನು ಕಾಗದದ ಮೇಲೆ ಬರೆಯಿರಿ: 'ಇಂದು ನಿದ್ದೆ ಬರದಿದ್ದರೆ ನಾಳೆ ಪಾಠ ಮಾಡಲಾರೆ' ಎಂದಿರಬಹುದು. ಮರುದಿನ ಸಂಜೆ ಅದರ ಕೆಳಗೆ ನಿಜವಾಗಿ ಆದದ್ದನ್ನು ಬರೆಯಿರಿ. ಆಯಾಸವಾಗಿರುತ್ತದೆ, ಆದರೂ ಪಾಠಗಳು ನಡೆದಿರುತ್ತವೆ. ನನ್ನ ಅನುಭವದಲ್ಲಿ, ಹತ್ತು ದಿನಗಳ ಇಂಥ ಬರಹ ನನ್ನ ಮಾತುಗಳಿಗಿಂತ ಹೆಚ್ಚು ಧೈರ್ಯ ಕೊಡುತ್ತದೆ.

ಒಂಟಿಯಾಗಿ ಮಾಡಲು ಕಷ್ಟವೆನಿಸಿದರೆ ಹಳೆಯ ಚಿಕಿತ್ಸಕರನ್ನು ಒಂದೆರಡು ಬಾರಿ ಭೇಟಿಯಾಗುವುದು ಉತ್ತಮ. ಹೊಸೂರು ರಸ್ತೆಯ ನಿಮ್ಹಾನ್ಸ್ ಹೊರರೋಗಿ ವಿಭಾಗಕ್ಕೂ ಹೋಗಬಹುದು. ನಡುರಾತ್ರಿ ಆತಂಕ ಮಿತಿಮೀರಿದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಉತ್ತರ 3: ಮಲ್ಲೇಶ್ವರದ ನಿವೃತ್ತರು

ಒಂದು ಸಣ್ಣ ಮಾತು ಸೇರಿಸುತ್ತೇನೆ, ತಾಯಿ. ಸಂಜೆ ಆಯಾಸವೆಂದು ಕಾಫಿ ಕುಡಿಯುತ್ತಿದ್ದರೆ ಅದನ್ನು ಮಧ್ಯಾಹ್ನಕ್ಕೇ ನಿಲ್ಲಿಸಿ. ಕೆಫೀನಿನ ಅರ್ಧ ಭಾಗ ದೇಹದಿಂದ ಹೋಗಲು ಸುಮಾರು 5 ಗಂಟೆ ಬೇಕು. ಇನ್ನು ಆ ಗಾದೆಯನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಹೆತ್ತತಾಯಿಯ ಮಂಚದ ಪಕ್ಕದಲ್ಲಿ ಕುಳಿತವರಿಗೆ ಚಿಂತೆ ಇರುವುದು ತಪ್ಪಲ್ಲ.

ಪ್ರಶ್ನೆ ಕೇಳಿದವರು, ಮೂರು ವಾರಗಳ ನಂತರ

ತಮ್ಮೆಲ್ಲರಿಗೂ ಕೃತಜ್ಞತೆಗಳು. ಮೊದಲ ವಾರ ಬಹಳ ಕಠಿಣವಾಗಿತ್ತು, 12 ಗಂಟೆಯವರೆಗೆ ಎಚ್ಚರವಾಗಿರುವುದೇ ಕಷ್ಟವಾಯಿತು. ಆದರೆ ನಿದ್ದೆ ಬರಬಾರದೆಂದು ಕಣ್ಣುಜ್ಜಿಕೊಂಡು ಕುಳಿತದ್ದು ಎಷ್ಟೋ ದಿನಗಳ ನಂತರ ಅದೇ ಮೊದಲು. ಈಗ ವಾರದಲ್ಲಿ ಎರಡು ರಾತ್ರಿ ಕೆಡುತ್ತವೆ. ದೀಪ ಹಚ್ಚುವಾಗಿನ ಅಳುಕು ಪೂರ್ತಿ ಹೋಗಿಲ್ಲ, ಆದರೆ ಊಟದ ಹೊತ್ತಿಗೆ ಮರೆತಿರುತ್ತೇನೆ. ಒಂದು ಸಂದೇಹ ಉಳಿದಿದೆ: ರಾತ್ರಿ ಅಮ್ಮನನ್ನು ಬಚ್ಚಲಿಗೆ ಕರೆದೊಯ್ಯಲು ಏಳಬೇಕಾಗುತ್ತದೆ. ದಿನಚರಿಯಲ್ಲಿ ಅದನ್ನು ಹೇಗೆ ಬರೆಯಲಿ?

ಉತ್ತರ 2 ಬರೆದವರು

ಆಗ ಗಡಿಯಾರ ನೋಡಬೇಡಿ. ಎಷ್ಟು ಹೊತ್ತು ಎಚ್ಚರವಿದ್ದಿರೆಂದು ಬೆಳಿಗ್ಗೆ ಅಂದಾಜಿನಲ್ಲಿ ಬರೆದರೆ ಸಾಕು. ಪಕ್ಕದಲ್ಲಿ 'ಅಮ್ಮನಿಗಾಗಿ' ಎಂದು ಗುರುತು ಹಾಕಿ, ಆ ಸಮಯವನ್ನು ಲೆಕ್ಕದಿಂದ ಬಿಡಿ. ಸಾಧ್ಯವಿದ್ದರೆ ವಾರದಲ್ಲಿ ಎರಡು ರಾತ್ರಿಯಾದರೂ ಮಗನಿಗೆ ಆ ಜವಾಬ್ದಾರಿ ಒಪ್ಪಿಸಿ.