ಸೀನ್ ಮುಂದೆ ಹೋದಂತೆ ಮಾತು ತುಟಿಗಿಂತ ಹಿಂದೆ ಬೀಳುತ್ತಿದೆ (ಕಾಮಿಕ್ಸ್ ಅಂಗಡಿ ಕಾಮಿಡಿ, ಫೋನ್ ಶೂಟ್)

ಹಳೆಸಂಚಿಕೆ:
ನಮಸ್ಕಾರ. ಕಾಮಿಕ್ಸ್ ಅಂಗಡಿಯಲ್ಲಿ ಕೆಲಸ ಮಾಡುವ ಇಬ್ಬರ ಬಗ್ಗೆ ಗೆಳೆಯರೆಲ್ಲ ಸೇರಿ ಒಂದು ಕಾಮಿಡಿ ವೆಬ್ ಸೀರೀಸ್ ಮಾಡುತ್ತಿದ್ದೇವೆ. ಬಜೆಟ್ ಅಂತ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಒಂದು ಫೋನು, ಒಂದು ಸಣ್ಣ ರೆಕಾರ್ಡರ್, ಕಾಲರ್ ಮೈಕ್. ಅಂಗಡಿ ಮುಚ್ಚಿದ ಮೇಲೆ ರಾತ್ರಿ ಶೂಟಿಂಗ್.

ಕೌಂಟರ್ ಹತ್ತಿರ ತೆಗೆದ ಸೀನ್‌ಗಳು ಸರಿಯಾಗಿವೆ. ಹಿಂದಿನ ಮೂಲೆಯಲ್ಲಿ ಹಳೆ ಸಂಚಿಕೆಗಳ ಡಬ್ಬಗಳಿವೆಯಲ್ಲ, ಅಲ್ಲಿ ತೆಗೆದ ಸೀನ್‌ಗಳಲ್ಲಿ ಮಾತ್ರ ಶುರುವಿನಲ್ಲಿ ತುಟಿ-ಮಾತು ಕೂಡುತ್ತದೆ, ಕೊನೆಗೆ ಬರುವಷ್ಟರಲ್ಲಿ ಮಾತು ಎಷ್ಟೋ ಹಿಂದೆ ಬಿದ್ದಿರುತ್ತದೆ. ಆಡಿಯೋ ಎಳೆದು ಕೊನೆಯಲ್ಲಿ ಕೂಡಿಸಿದರೆ ಶುರು ಕೆಡುತ್ತದೆ. ಇದು ಬೇರೆ ಯಾವ ಕಥೆ ಆಗಿದ್ದರೂ ಹೇಗೋ ಸಾಗುತ್ತಿತ್ತೇನೋ. ನಮ್ಮ ಸೀನ್ ನೋಡಿ: ಗಿರಾಕಿ ಒಬ್ಬ ಮುಖಪುಟ ಒಂದೇ ಪಿನ್ನಿನಲ್ಲಿ ನೇತಾಡುತ್ತಿರುವ ಪುಸ್ತಕ ತಂದು ‘ಇದು 9.4 ಗ್ರೇಡ್’ ಅನ್ನುತ್ತಾನೆ (10ಕ್ಕೆ 9.4 ಅಂದರೆ ಹೆಚ್ಚುಕಮ್ಮಿ ಹೊಸದು ಅಂತ). ನಮ್ಮವನು ಪುಸ್ತಕ ನೋಡುತ್ತಾನೆ, ಅವನ ಮುಖ ನೋಡುತ್ತಾನೆ, ‘ಉಳಿದರ್ಧ ಮನೆಯಲ್ಲಿದೆಯಾ ಸರ್?’ ಅನ್ನುತ್ತಾನೆ. ಆ ಮಾತು ನೋಟದ ಬೆನ್ನಿಗೇ ಬೀಳಬೇಕು. ಅರ್ಧ ಸೆಕೆಂಡ್ ತಡವಾದರೂ ಯಾರೂ ನಗುತ್ತಿಲ್ಲ.

ಜೊತೆಗೆ ಚಿತ್ರದ ಮೇಲೆ ಕಪ್ಪು ಪಟ್ಟಿಗಳು ಓಡುತ್ತವೆ, ಪ್ಲಾಸ್ಟಿಕ್ ಕವರ್ ಹಾಕಿದ ಪುಸ್ತಕಗಳೆಲ್ಲ ಬಿಳಿಯಾಗಿ ಹೊಳೆಯುತ್ತವೆ. ಮೊದಲು ಮಾತಿನ ಸಮಸ್ಯೆ ಬಗೆಹರಿದರೆ ಸಾಕು. ರೆಕಾರ್ಡರ್ ಹಾಳಾಗಿದೆಯಾ?

ಬೂಮ್‌ಕೋಲು:
ರೆಕಾರ್ಡರ್ ಮೇಲೆ ಈಗಲೇ ತಪ್ಪು ಹೊರಿಸಬೇಡಿ. ಅಗ್ಗದ ರೆಕಾರ್ಡರ್ ಗಡಿಯಾರ ಕೂಡ ಹತ್ತು ನಿಮಿಷಕ್ಕೆ ಒಂದೆರಡು ಫ್ರೇಮಿನಷ್ಟು (ವಿಡಿಯೋದ ಒಂದೊಂದು ಬಿಡಿ ಚಿತ್ರವೇ ಫ್ರೇಮ್) ಆಚೀಚೆ ಹೋದರೆ ಹೆಚ್ಚು. ಅರ್ಧ ಸೆಕೆಂಡ್ ಎಲ್ಲ ಹೋಗಲ್ಲ. ಬ್ಲೂಟೂತ್ ಮೈಕ್ ಆಗಿದ್ದರೆ ತಡ ಆಗುತ್ತಿತ್ತು ನಿಜ, ಆದರೆ ಅದು ಶುರುವಿನಿಂದ ಕೊನೆವರೆಗೆ ಸುಮಾರು ಒಂದೇ ಸಮ ಇರುತ್ತದೆ. ನಿಮ್ಮದು ಬೆಳೆಯುತ್ತಾ ಹೋಗುತ್ತಿದೆ.

ಎರಡು ವಿಷಯ ನೋಡಿ ಹೇಳಿ. ಹಾಳಾದ ಕ್ಲಿಪ್ಪನ್ನು ಎಡಿಟರ್‌ಗೆ ಹಾಕದೆ ನೇರವಾಗಿ ಪ್ಲೇಯರ್‌ನಲ್ಲಿ ಹಾಕಿ, ಫೋನಿನದೇ ಆಡಿಯೋ ಇಟ್ಟುಕೊಂಡು ನೋಡಿ. ಅಲ್ಲಿ ಸರಿ ಇದೆಯಾ? ಆಮೇಲೆ ಅದೇ ಕ್ಲಿಪ್ಪನ್ನು ಮೀಡಿಯಾಇನ್ಫೋ ಅನ್ನುವ, ಫೈಲಿನ ವಿವರ ತೋರಿಸುವ ಸಾಫ್ಟ್‌ವೇರಿನಲ್ಲಿ ತೆರೆದು ‘ಫ್ರೇಮ್ ರೇಟ್ ಮೋಡ್’ ಎದುರಿಗೆ ಏನಿದೆ ಅಂತ ಹೇಳಿ. ಪುಕ್ಕಟೆ ಸಿಗುತ್ತದೆ.

ಹಳೆಸಂಚಿಕೆ:
ಪ್ಲೇಯರ್‌ನಲ್ಲಿ ಸರಿ ಇದೆ! ಎಡಿಟರ್‌ಗೆ ಹಾಕಿದರೆ ಫೋನಿನ ಆಡಿಯೋ ಕೂಡ ಹಿಂದೆ ಬೀಳುತ್ತಿದೆ. ಮೀಡಿಯಾಇನ್ಫೋದಲ್ಲಿ ‘ವೇರಿಯಬಲ್’ (ಬದಲಾಗುವಂಥದ್ದು) ಅಂತಿದೆ, ಸೆಕೆಂಡಿಗೆ ಕನಿಷ್ಠ 24 ಫ್ರೇಮ್, ಗರಿಷ್ಠ 30. ಕೌಂಟರ್ ಕ್ಲಿಪ್ಪುಗಳಲ್ಲೂ ವೇರಿಯಬಲ್ ಅಂತಲೇ ಇದೆ, ಆದರೆ ಸಂಖ್ಯೆ 30ರ ಹತ್ತಿರವೇ ಇದೆ.

ಬೂಮ್‌ಕೋಲು:
ಹಾಗಾದರೆ ಸಿಕ್ಕಿತು. ಕತ್ತಲಿನ ಮೂಲೆಗೆ ಹೋದ ತಕ್ಷಣ ನಿಮ್ಮ ಫೋನು ತಾನೇ ಫ್ರೇಮ್ ಕಡಿಮೆ ಮಾಡುತ್ತಿದೆ. ಬೆಳಕು ಸಾಲದಿದ್ದಾಗ ಒಂದೊಂದು ಫ್ರೇಮಿಗೂ ಜಾಸ್ತಿ ಹೊತ್ತು ಕಣ್ಣು ತೆರೆದಿಡುವುದು ಅದರ ಬುದ್ಧಿ. ಯಾವ ಫ್ರೇಮ್ ಯಾವಾಗ ಬರಬೇಕು ಅಂತ ಫೈಲಿನೊಳಗೆ ಬರೆದಿರುತ್ತದೆ, ಪ್ಲೇಯರ್ ಅದನ್ನು ಓದಿಕೊಂಡು ತೋರಿಸುತ್ತದೆ, ಹಾಗಾಗಿ ಸರಿ ಕಾಣುತ್ತದೆ. ಕೆಲವು ಎಡಿಟರ್‌ಗಳು ಅದನ್ನು ಗಮನಿಸದೆ ಎಲ್ಲವನ್ನೂ ಸೆಕೆಂಡಿಗೆ 30ರಂತೆ ಜೋಡಿಸಿಬಿಡುತ್ತವೆ. ಒಂದು ನಿಮಿಷಕ್ಕೆ 1800 ಫ್ರೇಮ್ ಬರಬೇಕು. 1785 ಬಂತು ಅಂದುಕೊಳ್ಳಿ. ಕೊರತೆ ಬಿದ್ದ 15 ಫ್ರೇಮ್ ಅಂದರೆ ಅರ್ಧ ಸೆಕೆಂಡ್. ಚಿತ್ರ ಅಷ್ಟು ಬೇಗ ಮುಗಿಯುತ್ತದೆ, ಮಾತು ಹಿಂದೆ ಉಳಿಯುತ್ತದೆ.

ಈಗಿರುವ ಕ್ಲಿಪ್ಪುಗಳಿಗೆ ವಿಡಿಯೋ ಕನ್ವರ್ಟ್ ಮಾಡುವ ಸಾಫ್ಟ್‌ವೇರ್ ಹ್ಯಾಂಡ್‌ಬ್ರೇಕ್ ಸಾಕು. ವಿಡಿಯೋ ಟ್ಯಾಬಿನಲ್ಲಿ ಫ್ರೇಮ್ ರೇಟ್ 30 ಮಾಡಿ, ‘ಕಾನ್‌ಸ್ಟಂಟ್’ ಆರಿಸಿ. ಕ್ವಾಲಿಟಿ ಸಂಖ್ಯೆ 18ರ ಆಸುಪಾಸು ಇರಲಿ, ಅಲ್ಲಿ ಸಂಖ್ಯೆ ಇಳಿದಷ್ಟೂ ಗುಣಮಟ್ಟ ಜಾಸ್ತಿ. ಮೂಲ ಫೈಲ್ ಅಳಿಸಬೇಡಿ. ಹೊಸ ಫೈಲಿನಲ್ಲಿ ಫೋನಿನ ಆಡಿಯೋ ಹಾಗೇ ಇರುತ್ತದಲ್ಲ, ಅದಕ್ಕೆ ರೆಕಾರ್ಡರ್ ಆಡಿಯೋ ಕೂಡಿಸಿ, ಆಮೇಲೆ ಫೋನಿನದನ್ನು ಮ್ಯೂಟ್ ಮಾಡಿ.

ಇನ್ನೊಂದು. ಈಗಾಗಲೇ ಕಟ್ ಮಾಡಿಟ್ಟ ಟೈಮ್‌ಲೈನಿಗೆ ಹಳೆ ಫೈಲಿನ ಜಾಗಕ್ಕೆ ಹೊಸ ಫೈಲ್ ಜೋಡಿಸಿದರೆ (ರೀಲಿಂಕ್) ಆ ಮೂಲೆಯ ಸೀನ್‌ಗಳಲ್ಲಿ ಕಟ್‌ಗಳೆಲ್ಲ ಜರುಗುತ್ತವೆ. ಅಡ್ಡದಾರಿ ಇಲ್ಲ, ಅವಷ್ಟನ್ನು ಮತ್ತೆ ಕಟ್ ಮಾಡಬೇಕು.

ಅರೆಬೆಳಕು:
ಬೂಮ್‌ಕೋಲು ಹೇಳಿದ್ದು ಸರಿ, ಆದರೆ ಅದು ಆಗಿಹೋದ ಗಾಯಕ್ಕೆ ಮುಲಾಮು. ಮುಂದಿನ ಶೂಟಿಂಗಿಗೆ ಬೆಳಕು ನೋಡಿಕೊಳ್ಳಿ. ಫೋನಿನ ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ‘ಆಟೋ ಎಫ್‌ಪಿಎಸ್’ (ಫ್ರೇಮ್ ರೇಟನ್ನು ಫೋನೇ ಬದಲಿಸುವ ಆಯ್ಕೆ) ಅಥವಾ ಆ ಥರದ್ದು ಏನಾದರೂ ಇದ್ದರೆ ಆಫ್ ಮಾಡಿ. ಇಲ್ಲದಿದ್ದರೆ ಶಟರ್ (ಒಂದು ಫ್ರೇಮಿಗೆ ಎಷ್ಟು ಹೊತ್ತು ಬೆಳಕು ಬಿಡಬೇಕು), ಐಎಸ್ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸ್ಪಂದಿಸಬೇಕು), ಫ್ರೇಮ್ ರೇಟ್ ಮೂರನ್ನೂ ಲಾಕ್ ಮಾಡುವ ಕ್ಯಾಮೆರಾ ಆ್ಯಪ್ ಹಾಕಿಕೊಳ್ಳಿ.

ನಿಮ್ಮ ಕಪ್ಪು ಪಟ್ಟಿಗಳಿಗೂ ಮದ್ದು ಇದೇ ಲಾಕ್. ಅಂಗಡಿಯ ಲೈಟುಗಳು ಕರೆಂಟಿನ ತಾಳಕ್ಕೆ ಮಿನುಗುತ್ತವೆ. 50 ಹರ್ಟ್ಸ್ ಇರುವ ಕಡೆ ಸೆಕೆಂಡಿಗೆ 100 ಸಲ, 60 ಹರ್ಟ್ಸ್ ಇರುವ ಕಡೆ 120 ಸಲ. ನಮ್ಮ ಕಣ್ಣಿಗೆ ಕಾಣಲ್ಲ, ಸೆನ್ಸರ್ ಬಿಡಲ್ಲ. 50 ಹರ್ಟ್ಸ್ ಇದ್ದರೆ ಶಟರ್ 1/50 ಅಥವಾ 1/100 ಸೆಕೆಂಡ್, 60 ಇದ್ದರೆ 1/60 ಅಥವಾ 1/120. ಡಿಮ್ಮರ್ ಇರುವ ಅಗ್ಗದ ಎಲ್ಇಡಿ ಈ ಲೆಕ್ಕಕ್ಕೆ ಬಗ್ಗದಿರಬಹುದು. ಅದನ್ನು ಪೂರ್ತಿ ಏರಿಸಿ, ಜಾಸ್ತಿ ಅನಿಸಿದರೆ ಲೈಟನ್ನೇ ದೂರ ಇಡಿ.

ತಿಂಡಿಪೋತ:
ಹೊಳಪಿಗೆ ಪೋಲರೈಸರ್ ಫಿಲ್ಟರ್ ಹಾಕಿ ಗುರೂ, ಫೋನಿಗೆ ಕ್ಲಿಪ್ ಮಾಡುವಂಥದ್ದೇ ಸಿಗುತ್ತದೆ. ತಿರುಗಿಸುತ್ತಾ ಹೋದರೆ ಪ್ಲಾಸ್ಟಿಕ್ ಮೇಲಿನ ಬಿಳಿ ಮಾಯ.

ಅರೆಬೆಳಕು:
ಮಾಯ ಆಗುತ್ತದೆ, ಜೊತೆಗೆ ಬೆಳಕೂ ಒಂದೂವರೆ ಸ್ಟಾಪ್‌ನಷ್ಟು (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ) ಮಾಯ ಆಗುತ್ತದೆ! ಅದೇ ಕತ್ತಲ ಮೂಲೆ, ಅದರ ಮೇಲೆ ಫಿಲ್ಟರ್. ಫೋನು ಮತ್ತೆ ಫ್ರೇಮ್ ಕದಿಯುತ್ತದೆ, ಲಾಕ್ ಮಾಡಿದ್ದರೆ ಚಿತ್ರದಲ್ಲಿ ಬರೀ ಕಾಳುಕಾಳು ಚುಕ್ಕಿ. ಅದೂ ಅಲ್ಲದೆ ಫಿಲ್ಟರ್ ಚೆನ್ನಾಗಿ ಕೆಲಸ ಮಾಡುವುದು ಓರೆಯಿಂದ ನೋಡಿದಾಗ, ಎದುರಿನಿಂದ ತೆಗೆದರೆ ಅಷ್ಟೇನೂ ಪ್ರಯೋಜನ ಇಲ್ಲ. ಮೊದಲು ಲೈಟನ್ನು ಕ್ಯಾಮೆರಾ ಹತ್ತಿರದಿಂದ ತೆಗೆದು ಪಕ್ಕಕ್ಕೆ ಒಯ್ಯಿರಿ. ಎದುರಿನ ಸಾಲಿನ ಪುಸ್ತಕಗಳನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ ಇಡಿ, ಹೊಳಪು ನೆಲದ ಕಡೆ ಹೋಗುತ್ತದೆ. ಕ್ಯಾಮೆರಾಕ್ಕೆ ತೀರಾ ಹತ್ತಿರ ಇರುವ ನಾಲ್ಕು ಪುಸ್ತಕಗಳಿಗೆ ಕವರ್ ತೆಗೆಯಲು ಕೇಳಿ ನೋಡಿ.

ಹಳೆಸಂಚಿಕೆ:
ಅಂಗಡಿಯವರು ಕಿಡ್ನಿ ಕೇಳಿದರೆ ಕೊಟ್ಟಾರು, ಕವರ್ ತೆಗೆಯಲು ಬಿಡಲ್ಲ. 😄

ಬೂಮ್‌ಕೋಲು:
ಹಾಗಾದರೆ ಎದುರಿಗೆ ನಿಮ್ಮದೇ ಸುಳ್ಳು ಕಾಮಿಕ್ಸ್ ಇಡಿ. ಚಿತ್ರ ಬರೆಯುವ ಗೆಳೆಯರು ಒಬ್ಬರಾದರೂ ಇರುತ್ತಾರೆ, ಹೊಳೆಯದ ಕಾಗದದಲ್ಲಿ ಮುಖಪುಟ ಪ್ರಿಂಟ್ ಮಾಡಿಸಿ. ಹೊಳಪಿನ ತಲೆನೋವೂ ಇಲ್ಲ, ಬೇರೆಯವರ ಹೀರೋ ಮುಖ ಇಡೀ ಫ್ರೇಮ್ ತುಂಬಿಸುವ ತಲೆನೋವೂ ಇಲ್ಲ. ಹಿನ್ನೆಲೆಯಲ್ಲಿ ಮಸುಕಾಗಿ ಕಾಣುವ ಕಪಾಟು ಬೇರೆ ವಿಷಯ, ಆದರೆ ಕೈಯಲ್ಲಿ ಹಿಡಿದು ಕ್ಲೋಸಪ್‌ನಲ್ಲಿ ತೋರಿಸುವ ಪುಸ್ತಕ ನಿಮ್ಮದೇ ಆಗಿರಲಿ. ಕಾನೂನು ದೇಶದಿಂದ ದೇಶಕ್ಕೆ ಬೇರೆ. ಜೊತೆಗೆ ಸುಳ್ಳು ಹೀರೋಗಳ ಹೆಸರೇ ನಿಮಗೆ ಪುಕ್ಕಟೆ ಜೋಕು.

ಅಂದಹಾಗೆ ಹಳೆ ಕಾಮಿಕ್ಸಿನ ಒಳಪುಟ ಕ್ಲೋಸಪ್ ತೆಗೆಯುವಾಗ ಬಣ್ಣದ ಅಲೆ ಥರ ಏನಾದರೂ ಕಂಡರೆ ಗಾಬರಿ ಬೇಡ. ಆ ಪುಟಗಳ ಬಣ್ಣ ಸಣ್ಣ ಚುಕ್ಕಿಗಳಿಂದ ಆಗಿರುತ್ತದೆ, ಚುಕ್ಕಿಗಳ ಸಾಲಿಗೂ ಸೆನ್ಸರಿನ ಸಾಲಿಗೂ ಜಗಳ ಬೀಳುತ್ತದೆ. ಕ್ಯಾಮೆರಾ ಒಂದು ಗೇಣು ಹಿಂದೆ ಮುಂದೆ ಮಾಡಿದರೆ ಹೋಗುತ್ತದೆ.

ತಿಂಡಿಪೋತ:
ಪೋಲರೈಸರ್ ವಿಷಯದಲ್ಲಿ ಸೋತೆ, ಎಡಿಟಿಂಗ್ ವಿಷಯ ಹೇಳಲು ಬಿಡಿ. ಸಿಂಕ್ (ತುಟಿ-ಮಾತಿನ ಹೊಂದಿಕೆ) ಸರಿಹೋದ ಮೇಲೂ ನಗು ಬರದಿದ್ದರೆ ಬೇರೆ ಕಾರಣ ಇರುತ್ತದೆ. ಮಾತು ತುಟಿಗಿಂತ ಮುಂಚೆ ಬಂದರೆ ಸುಮಾರು 45 ಮಿಲಿಸೆಕೆಂಡಿಗೇ ಗೊತ್ತಾಗುತ್ತದೆ, ತಡವಾಗಿ ಬಂದರೆ 125ರವರೆಗೂ ಜನ ಗಮನಿಸುವುದಿಲ್ಲ ಅಂತ ಟಿವಿ ಪ್ರಸಾರದವರು ಅಳತೆ ಇಟ್ಟುಕೊಂಡಿದ್ದಾರೆ. ಹಾಗಾಗಿ ಒಂದೊಂದು ಫ್ರೇಮಿಗೂ ರಾತ್ರಿಯೆಲ್ಲ ಕೂರಬೇಡಿ. ‘ಉಳಿದರ್ಧ’ ಸೀನಿನಲ್ಲಿ ಪುಸ್ತಕ ನೋಡಿದ ಮೇಲೆ, ಮಾತಿಗೆ ಮುಂಚೆ, ಎಷ್ಟು ಹೊತ್ತು ಬಿಟ್ಟಿದ್ದೀರಿ? ನಟರು ಡೈಲಾಗ್ ನೆನಪು ಮಾಡಿಕೊಳ್ಳುವ ಹೊತ್ತೂ ಅದರಲ್ಲಿ ಸೇರಿರುತ್ತದೆ, ಅದನ್ನು ಕತ್ತರಿಸಿ. ಕತ್ತರಿಸಲು ಗಿರಾಕಿಯ ಮುಖದ ಶಾಟ್ ಬೇಕು. ಅವನು ಹೆಮ್ಮೆಯಿಂದ ಕಾಯುತ್ತಾ ನಿಂತಿರುವುದನ್ನು ಬೇರೆಯಾಗಿ ತೆಗೆದಿಟ್ಟುಕೊಳ್ಳಿ, ಮಾತು ಅವನ ಮುಖದ ಮೇಲೇ ಬೀಳಲಿ. ಮಾತಾಡುವವನ ತುಟಿಯೇ ಕಾಣದಿದ್ದರೆ ಸಿಂಕ್ ಚಿಂತೆಯೂ ಇಲ್ಲ.

ಹಳೆಸಂಚಿಕೆ:
ಆ ಶಾಟ್ ಇದೆ, ಬಳಸಿರಲಿಲ್ಲ. ಇನ್ನೊಂದು ಕೇಳಬಹುದಾ? ಕಥೆ ನಡೆಯುವುದು ಹಗಲು, ನಮಗೆ ಅಂಗಡಿ ಸಿಗುವುದು ರಾತ್ರಿ. ಗಾಜಿನ ಹೊರಗೆ ಪೂರ್ತಿ ಕತ್ತಲು.

ಅರೆಬೆಳಕು:
ಅಂಗಡಿ ಶಟರ್ ಎಳೆದು, ಕೆಟ್ಟು ನಿಂತಿದೆ ಅಂತ ಕಥೆಯಲ್ಲೇ ಹೇಳಿಬಿಡಿ. 1994ರ ‘ಕ್ಲರ್ಕ್ಸ್’ ಸಿನಿಮಾದಲ್ಲಿ ನಿರ್ದೇಶಕ ಕೆವಿನ್ ಸ್ಮಿತ್ ಮಾಡಿದ್ದು ಇದನ್ನೇ. ತಾನು ಕೆಲಸ ಮಾಡುತ್ತಿದ್ದ ಅಂಗಡಿಯಲ್ಲೇ ರಾತ್ರಿ ಶೂಟ್ ಮಾಡಿ, ಶಟರ್ ಬೀಗಕ್ಕೆ ಯಾರೋ ಚೂಯಿಂಗ್ ಗಮ್ ತುರುಕಿದ್ದಾರೆ ಅಂತ ತೋರಿಸಿದರು. ದುಡ್ಡು ಹೊಂದಿಸಲು ತಮ್ಮ ಕಾಮಿಕ್ಸ್ ಸಂಗ್ರಹವನ್ನೂ ಮಾರಿದ್ದರು. ಅದನ್ನು ಮಾತ್ರ ಅನುಸರಿಸಬೇಡಿ. ನೀವು ಗಮ್ ಬಿಟ್ಟು ಬೇರೆ ಕಾರಣ ಹುಡುಕಿ.

ಬೂಮ್‌ಕೋಲು:
ಶಟರ್ ಎಳೆದರೆ ರಸ್ತೆ ಸದ್ದೂ ತಗ್ಗುತ್ತದೆ. ಕಾಗದ ತುಂಬಿದ ಕಪಾಟು ಇರುವುದರಿಂದ ಒಳಗೆ ಪ್ರತಿಧ್ವನಿಯೂ ಕಡಿಮೆ. ಕೂಲ್‌ಡ್ರಿಂಕ್ಸ್ ಫ್ರಿಜ್ ಇದ್ದರೆ ಆಫ್ ಮಾಡಿ, ಗಾಡಿ ಕೀಲಿ ಅದರೊಳಗೇ ಇಡಿ, ಮನೆಗೆ ಹೋಗುವ ಮುಂಚೆ ಆನ್ ಮಾಡಲು ಮರೆಯಲ್ಲ. ಟೇಕ್ ಶುರುವಿಗೂ ಕೊನೆಗೂ ಒಂದೊಂದು ಚಪ್ಪಾಳೆ ತಟ್ಟಿ. ಎರಡು ಕಡೆಯೂ ಚಪ್ಪಾಳೆಯ ಸದ್ದು-ಚಿತ್ರ ಕೂಡಿದರೆ ನಡುವಿನದು ಸರಿ ಅಂತ ಹೆಚ್ಚುಕಮ್ಮಿ ನಂಬಬಹುದು.

ಹಳೆಸಂಚಿಕೆ:
ಹ್ಯಾಂಡ್‌ಬ್ರೇಕ್ ಹಾಕಿ ಕನ್ವರ್ಟ್ ಮಾಡಿದೆ, ಸಿಂಕ್ ಕೊನೆವರೆಗೂ ಕೂತಿದೆ. ಗಿರಾಕಿ ಮುಖದ ಮೇಲೆ ‘ಉಳಿದರ್ಧ’ ಬಿತ್ತು, ಮೊನ್ನೆ ನಗದೇ ಕೂತಿದ್ದವರೇ ನಕ್ಕರು. ಡಬ್ಬಗಳ ಮೇಲೆ ಒಂದು ಎಲ್ಇಡಿ ಪ್ಯಾನಲ್ ಕಟ್ಟಿ 1/50ಕ್ಕೆ ಲಾಕ್ ಮಾಡಿ ಟೆಸ್ಟ್ ತೆಗೆದೆವು, ಪಟ್ಟಿ ಇಲ್ಲ. ಹೊಳಪು ಇನ್ನೂ ಸ್ವಲ್ಪ ಇದೆ, ಆದರೆ ಅದು ಕಾಮಿಕ್ಸ್ ಅಂಗಡಿ, ಪ್ಲಾಸ್ಟಿಕ್ ಹೊಳೆಯಲಿ ಬಿಡಿ. ಶಟರ್ ಕೆಟ್ಟ ಕಾರಣವನ್ನು ಒಂದೊಂದು ಎಪಿಸೋಡಿನಲ್ಲಿ ಒಬ್ಬೊಬ್ಬರು ಒಂದೊಂದು ಥರ ಹೇಳುವ ಹಾಗೆ ಬರೆಯುತ್ತಿದ್ದೇವೆ. ಬಗೆಹರಿದಿದೆ ಅಂತ ಗುರುತು ಹಾಕುತ್ತಿದ್ದೇನೆ.